ಮೂರು ಪ್ರತಿಗಳಲ್ಲಿ ಕರಡಿ

ಒಂದು ಒಗಟು ಹೇಳುತ್ತೇನೆ, ಬಿಡಿಸಿ. ನಾಲ್ಕು ಕಾಲಿನ ಕಾಗದ, ಬೆನ್ನ ಮೇಲೆ ಷರಾ, ಚಹಾದಲ್ಲಿ ಅದ್ದಿದ ಖಾರಿ ತಿನ್ನುತ್ತದೆ. ಕೊಂಬಿಲ್ಲದ್ದಕ್ಕೆ ಹುಟ್ಟಿತು, ಕೊಂಬಿಲ್ಲದ್ದಕ್ಕೇ ಬದುಕಿತು. ಏನು ಹೇಳಿ?

ತಿಣುಕಬೇಡಿ, ಬರುವುದಿಲ್ಲ. ಪುಣೆಯ ಎಂಟು ಮಂದಿ ಅಧಿಕಾರಿಗಳು ಮೂರು ತಿಂಗಳು ಅದರ ಸುತ್ತಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರಿಗೇ ಬರಲಿಲ್ಲ.

೧೯೭೩ನೇ ಇಸವಿ ಜೂನ್ ತಿಂಗಳಲ್ಲಿ ಪುಣೆಯ ಶುಕ್ರವಾರ ಪೇಟೆಯಲ್ಲಿ 'ಕಲ್ಲಿದ್ದಲು ಗಣಿಗಳಿಂದ ವನ್ಯಜೀವಿಗಳ ಮೇಲಾಗುವ ಪರಿಣಾಮಗಳನ್ನು ಅಳೆಯುವ ಹಾಗೂ ಇಳಿಸುವ ಉಪಕಚೇರಿ' ವಿಧಿವತ್ತಾಗಿ ಆರಂಭವಾಯಿತು ಎಂಬುದು ದಾಖಲಾದ ಸಂಗತಿ. ಪುಣೆಯಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ಪಾರಿವಾಳ ಬಿಟ್ಟರೆ ಶುಕ್ರವಾರ ಪೇಟೆಯಲ್ಲಿ ವನ್ಯಜೀವಿಯೂ ಇಲ್ಲ. ಗಣಿ, ಕಾಡು ಎರಡೂ ಇದ್ದದ್ದು ಏಳುನೂರು ಕಿಲೋಮೀಟರಿಗೂ ಆಚೆ, ರಾಜ್ಯದ ಮೂಡಣ ತುದಿಯಲ್ಲಿ. ಹತ್ತಿರ ಕೂತರೆ ಮನಸ್ಸು ಯಾವುದಾದರೂ ಒಂದು ಕಡೆಗೆ ವಾಲುತ್ತದೆ, ಆದ್ದರಿಂದ ದೂರವೇ ನಿಷ್ಪಕ್ಷಪಾತ ಎಂದು ಸ್ಥಾಪನಾ ಆದೇಶದಲ್ಲಿಯೇ ಬರೆದಿತ್ತು. ಆದರೂ ಸಿಬ್ಬಂದಿಗೆ ವಿಷಯದ ಪರಿಚಯ ಇರಲೆಂದು ಕಚೇರಿಯನ್ನು ಕಲ್ಲಿದ್ದಲು ದಾಸ್ತಾನು ಮಾಡುವ ಒಂದು ವಖಾರದ ಮಾಳಿಗೆಯ ಮೇಲೆ ಹಿಡಿದಿದ್ದರು. ಕ್ಷೇತ್ರ ಪರಿಶೀಲನೆ ಇದ್ದ ದಿನ ಅಧಿಕಾರಿಗಳು ಮೆಟ್ಟಿಲಿಳಿದು, ವಖಾರ ನೋಡಿ, ಎರಡು ಸಲ ಕೆಮ್ಮಿ, ಮೇಲೆ ಬರುತ್ತಿದ್ದರು.

ಈ ಕಚೇರಿಯ ನಿಯಮ ಹನ್ನೊಂದು ಹೀಗಿತ್ತು: "ಕಾಡುಪ್ರಾಣಿಗಳಿಗೆ ರಾಜ್ಯದ ಗಡಿ ಎಲ್ಲಿದೆಯೆಂಬ ತಿಳಿವಳಿಕೆ ಇಲ್ಲದಿರುವುದರಿಂದ, ಅವು ಯಾವ ಕ್ಷಣದಲ್ಲಿಯೂ ನೆರೆರಾಜ್ಯಕ್ಕೆ ಹೋಗಬಹುದಾದ್ದರಿಂದ, ಪ್ರತಿಯೊಂದು ಆದೇಶವೂ ನೆರೆರಾಜ್ಯದ ಭಾಷೆಯಲ್ಲಿಯೂ ಇರತಕ್ಕದ್ದು." ಆ ನಿಯಮದ ದಯೆಯಿಂದ ಅಲ್ಲೊಂದು ಕನ್ನಡ ವಿಭಾಗ ಇತ್ತು. ವಿಭಾಗವೆಂದರೆ ಒಂದು ಮೇಜು, ಒಂದು ಕನ್ನಡ ಬೆರಳಚ್ಚು ಯಂತ್ರ, ಒಬ್ಬ ಈರಬಸಪ್ಪ.

ಈರಬಸಪ್ಪನ ಅಪ್ಪ ಗುಲಬರ್ಗಾ ಕಡೆಯಿಂದ ಬಂದು ಹಡಪಸರದ ಕಲ್ಲಿನ ಖಣಿಯಲ್ಲಿ ಕಲ್ಲು ಒಡೆದವನು. ಮಗ ಮ್ಯಾಟ್ರಿಕ್ ಮುಟ್ಟಿ, ಬೆರಳಚ್ಚು ಕಲಿತು, ಈ ಕುರ್ಚಿ ಹಿಡಿದಿದ್ದ. ಹಿಡಿದು ಏಳು ವರ್ಷ. ಏಳೂ ವರ್ಷ ಹಂಗಾಮಿ. ಕಚೇರಿಯ ಮೊದಲ ವರದಿ ಅಂತಿಮಗೊಂಡ ದಿನ ಹಂಗಾಮಿ ನೌಕರರೆಲ್ಲ ಕಾಯಂ ಆಗತಕ್ಕದ್ದು ಎಂಬ ನಿಯಮ ಇತ್ತು. ವರದಿ ಮಾತ್ರ ಇನ್ನೂ ಶುರುವಾಗಿರಲಿಲ್ಲ. ಕಾಯಂ ಆದರೆ ಸರಕಾರಿ ಕ್ವಾರ್ಟರ್ಸ್, ಎರಡು ಕೋಣೆ, ಮನೆಯೊಳಗೇ ನಳ. ಆ ನಳವನ್ನು ಅವನ ಹೆಂಡತಿ ಉಮಾವತಿ ಒಂದು ಸಲ ಕಿಟಕಿಯಿಂದ ನೋಡಿ ಬಂದಿದ್ದಳು. ಅವತ್ತಿನಿಂದ ಹಡಪಸರದ ಬೀದಿ ನಳದ ಸಾಲಿನಲ್ಲಿ ಕೊಡ ಹಿಡಿದು ನಿಂತಾಗೆಲ್ಲ ಅವಳು ಗಂಡನನ್ನು ನೆನೆಯುತ್ತಿದ್ದಳು. ಒಳ್ಳೆ ಮಾತಿನಿಂದ ಅಲ್ಲ.

೧೯೮೦ರ ನವೆಂಬರಿನಲ್ಲಿ ಯಂತ್ರದ ಕೊಂಬು ಮುರಿಯಿತು. ಕೊಂಬೆಂದರೆ ಅಕ್ಷರದ ಬಲಕ್ಕೆ ಹಚ್ಚುವ ಕೊಂಬು, 'ಕ' ಇದ್ದದ್ದನ್ನು 'ಕು' ಮಾಡುವಂಥದ್ದು. ಈರಬಸಪ್ಪ ಅರ್ಜಿ ಕೊಟ್ಟ: "ಕನ್ನಡ ವಿಭಾಗದ ಕೊಂಬು ಮುರಿದಿದೆ. ದಯಮಾಡಿ ದುರಸ್ತಿ ಮಾಡಿಸಿಕೊಡಬೇಕು." ಅರ್ಜಿ ಪಶುವೈದ್ಯ ಶಾಖೆಗೆ ಹೋಯಿತು. ಅಲ್ಲಿಂದ ಉತ್ತರ ಬಂತು: "ಪ್ರಾಣಿಯ ಜಾತಿ, ಮುರಿದ ಕೊಂಬು ಎಡವೋ ಬಲವೋ, ಹಾಗೂ ಗಣಿಯಿಂದ ಇರುವ ದೂರ ತಿಳಿಸುವುದು." ಈರಬಸಪ್ಪ ಪ್ರಾಮಾಣಿಕ ಮನುಷ್ಯ. "ಯಂತ್ರ. ಬಲ. ಏಳುನೂರು ಕಿಲೋಮೀಟರ್" ಎಂದು ಬರೆದ. ಆ ವರ್ಷದ ಪಟ್ಟಿಯಲ್ಲಿ "ಕಲ್ಲಿದ್ದಲು ಗಣಿಗಾರಿಕೆಯಿಂದ ಕೊಂಬು ಕಳೆದುಕೊಂಡ ಪ್ರಾಣಿಗಳು: ಒಂದು" ಎಂದು ದಾಖಲಾಯಿತು. ಕಚೇರಿ ಅಳೆದ ಮೊಟ್ಟಮೊದಲ ಪರಿಣಾಮ ಅದು. ಪೇಢೆ ಹಂಚಿದರು.

ಯಂತ್ರ ಹಾಗೇ ಉಳಿಯಿತು. ಕಚೇರಿಯ ಮುಖ್ಯಸ್ಥರು ದೇವದಾಸ್ ಸಾಹೇಬರು, ಧಾರವಾಡದವರು. ಅವರು ಒಂದು ಪರಿಹಾರ ಹೇಳಿದರು.

"ಕೊಂಬಿಲ್ಲಂದ್ರ ಗುಡಿಸು ಹಾಕಿ ಹೊಡೀಪಾ. ಆಮ್ಯಾಲ ಪೆನ್ನಿಲೆ ತಿದ್ದು. ಕೆಲಸ ನಿಂದ್ರಬಾರದು."

ಅಂದರೆ 'ಕು' ಬರಬೇಕಾದಲ್ಲಿ ಅಕ್ಷರದ ತಲೆಗೆ ಗುಡಿಸು ಹಚ್ಚಿ 'ಕಿ' ಹೊಡೆಯುವುದು. ಊರು ಊರಿ ಆಯಿತು, ಕಾಡು ಕಾಡಿ ಆಯಿತು, ಹುಲಿ ಹಿಲಿಯಾಯಿತು. ಸಂಜೆ ಈರಬಸಪ್ಪ ಪೆನ್ನು ಹಿಡಿದು ಒಂದೊಂದಾಗಿ ಸರಿಮಾಡುತ್ತಿದ್ದ.

ಜನವರಿಯಲ್ಲಿ ಮೇಲಿನ ಕಚೇರಿಯಿಂದ ಆದೇಶ ಬಂತು: ವರದಿಯ ಕರಡು ತಯಾರಿಸಿ. ಈರಬಸಪ್ಪ ಅದನ್ನು ಕನ್ನಡಕ್ಕೆ ಮಾಡಿ, ಕೊಂಬಿಲ್ಲದೆ ಹೊಡೆದು, ಸಂಜೆ ತಿದ್ದಲು ಕೂತ. ಕಾಡಿ ಕಣ್ಣಿಗೆ ಬಿತ್ತು, ತಿದ್ದಿದ. ಹಿಲಿ ಕಣ್ಣಿಗೆ ಬಿತ್ತು, ತಿದ್ದಿದ. ಒಂದು ಶಬ್ದ ಮಾತ್ರ ನೋಡಲು ಸರಿಯಾಗಿಯೇ ಇತ್ತು. ಕಚೇರಿಯೂ ವನ್ಯಜೀವಿಯದು, ಶಬ್ದವೂ ವನ್ಯಜೀವಿಯದು. ಕಣ್ಣು ಅದರ ಮೇಲೆ ಜಾರಿಕೊಂಡು ಹೋಯಿತು. ಹೀಗಾಗಿ ಆದೇಶ ಹೀಗೆ ಹೊರಟಿತು:

"ಒಂದು: ಕರಡಿ ಮೂರು ಪ್ರತಿಗಳಲ್ಲಿ ಇರತಕ್ಕದ್ದು, ಅಸಲು ಒಂದು, ಕಾರ್ಬನ್ ಎರಡು. ಎರಡು: ಕರಡಿ ಎಲ್ಲ ಅಧಿಕಾರಿಗಳ ಮೇಜಿಗೂ ಹಾದುಬರತಕ್ಕದ್ದು. ಮೂರು: ಕರಡಿಗೆ ಪ್ರತಿಯೊಬ್ಬ ಅಧಿಕಾರಿಯೂ ತನ್ನ ಷರಾ ಸೇರಿಸತಕ್ಕದ್ದು."

ಮೂರನೆಯದರಲ್ಲಿ ತಪ್ಪೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. 'ಕರಡು' ಶಬ್ದಕ್ಕೆ 'ಗೆ' ಹಚ್ಚಿದರೂ 'ಕರಡಿಗೆ', 'ಕರಡಿ' ಶಬ್ದಕ್ಕೆ ಹಚ್ಚಿದರೂ 'ಕರಡಿಗೆ'. ಕನ್ನಡ ವ್ಯಾಕರಣವೂ ಕಚೇರಿಯ ಪಕ್ಷವೇ ವಹಿಸಿತು. ನಾಲ್ಕನೆಯದು ಹಾಳೆಯ ಹಿಂಬದಿಯಲ್ಲಿತ್ತು. ಹಾಳೆ ತಿರುಗಿಸಿ ಓದಬೇಕೆಂಬ ನಿಯಮ ಇರಲಿಲ್ಲ.

ನಿಯಮ ಹನ್ನೆರಡರ ಪ್ರಕಾರ ಕನ್ನಡದ ಪ್ರತಿಯನ್ನು ತಾಳೆ ನೋಡಲು ಮತ್ತೆ ಮರಾಠಿಗೆ ಮಾಡಬೇಕು, ಮತ್ತು ಆ ತಾಳೆ ಪ್ರತಿಯೇ ಕೊನೆಗೆ ಕಾಯಿದೆಬದ್ಧ. ಎದುರು ಮೇಜಿನ ಶಾಮಲಾಬಾಯಿ ತಾಳೆ ನೋಡಿದರು. ಕನ್ನಡದ ಕರಡಿ ಮರಾಠಿಯ ಅಸ್ವಲ ಆಯಿತು. ಸಾಹೇಬರು ಸಹಿ ಹಾಕಿದರು. ಸಿಪಾಯಿ ಪಂಢರಿನಾಥ ಅದನ್ನು ಫಲಕಕ್ಕೆ ಹಚ್ಚಿ, ಗಟ್ಟಿಯಾಗಿ ಓದಿ, "ಅಸ್ವಲಾಚೀ ಅಸಲ ಪ್ರತ! ವಾಹ್!" ಎಂದ.

ಈರಬಸಪ್ಪನಿಗೆ ತನ್ನ ತಪ್ಪು ಆಗ ತಿಳಿಯಿತು. ಸಾಹೇಬರ ಕೋಣೆಗೆ ಓಡಿದ.

"ಸಾಹೇಬ್ರ, ತಪ್ಪಾಗೇದ್ರಿ. ಅದು ಕರಡಿ ಅಲ್ರಿ, ಕರಡು ರೀ."

ಸಾಹೇಬರು ಚಷ್ಮಾ ತೆಗೆದು ಒರೆಸಿದರು.

"ಕೆಳಗ ಯಾರ ಸಹಿ ಅದ, ಈರಬಸಪ್ಪಾ?"

"ತಮ್ಮದ ರೀ."

"ನಾ ಓದಿ ಸಹಿ ಮಾಡ್ತೀನೋ, ಓದದ ಸಹಿ ಮಾಡ್ತೀನೋ?"

ಏಳು ವರ್ಷ ಹಂಗಾಮಿ ಇದ್ದವನಿಗೆ ಇಂಥ ಪ್ರಶ್ನೆಗೆ ಉತ್ತರ ಬಾಯಿಪಾಠ.

"ಓದೇ ಮಾಡ್ತೀರಿ, ಸಾಹೇಬ್ರ."

"ಹಂಗಾರ ನಾ ಕರಡಿ ಅಂತನ ಓದೀನಿ. ಕರಡಿ ತಗೊಂಡು ಬಾ."

"ತಿದ್ದುಪಡಿ ನಮೂನಿ ಒಂದು ತುಂಬಿದ್ರ…"

"ಅದ, ತಿದ್ದುಪಡಿ ನಮೂನಿ ಅದ. ಕಾಯಂ ನೌಕರರಿಗೆ. ಹಂಗಾಮಿ ನೌಕರ ತಪ್ಪು ಮಾಡಿದ್ರ ನಮೂನಿ ಇಲ್ಲೋ ಮಾರಾಯ, ಮನಿಗೆ ಹೋಗೂದು ಅಷ್ಟ. ಹೋಗ್ತೀಯೇನು ಮನಿಗೆ? ಖಣಿಯಾಗ ಬುಟ್ಟಿ ಹೊರಾಕ?"

ಈರಬಸಪ್ಪ ಕರಡಿ ತರಲು ಹೋದ.

ಕಾತ್ರಜದ ಘಾಟಿನ ಬುಡದಲ್ಲಿ ಅವನ ದೂರದ ಸಂಬಂಧದ ಚಿಗವ್ವ ಒಬ್ಬಳಿದ್ದಳು, ತಿಪ್ಪವ್ವ ಅಂತ. ಒಂದು ಸಣ್ಣ ಸರ್ಕಸ್ ಕಂಪನಿಯಲ್ಲಿ ಇಪ್ಪತ್ತು ವರ್ಷ ಪ್ರಾಣಿಗಳಿಗೆ ಉಣ್ಣಿಸಿದವಳು. ಕಂಪನಿ ಸಾಸವಡದಲ್ಲಿ ಬಾಗಿಲು ಹಾಕಿದಾಗ ತಂಬು ಒಬ್ಬರು ಒಯ್ದರು, ಒಂಟೆ ಒಬ್ಬರು ಒಯ್ದರು, ಯಾರಿಗೂ ಬೇಡವಾದ ಮುದಿ ಕರಡಿಯನ್ನು ಇವಳು ಕೈಹಿಡಿದು ಕರೆದುಕೊಂಡು ಬಂದಳು. ಅದರ ಹೆಸರು ಮುದುಕಪ್ಪ. ಹಲ್ಲಿಲ್ಲ. ಖಾರಿ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ಕೊಟ್ಟರೆ ಮಾತ್ರ ತಿನ್ನುತ್ತಿತ್ತು. ಅವಳಿಗೆ ಮಾತಾಡಲು ಅದನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

"ಕಚೇರಿಗಿ ಬೇಕಾಗ್ಯಾನೇನು? ಇವನು?" ತಿಪ್ಪವ್ವ ನಕ್ಕಳು. "ಏನು ಕೆಲಸೋ ತಮ್ಮಾ ಅಲ್ಲಿ?"

"ಏನಿಲ್ಲ ಚಿಗವ್ವ. ಒಂದು ಮೇಜಿನಿಂದ ಇನ್ನೊಂದು ಮೇಜಿಗಿ ಹೋಗೂದು. ಮಾರ್ಚ್ ಅಖೇರಿಗಿ ನಾನ ತಂದು ಬಿಡ್ತೀನಿ. ನಿನ್ನಾಣಿ."

"ಸರ್ಕಸ್ಸಿನ್ಯಾಗ ಸೈಕಲ್ ಹೊಡದಾವ ಅವನು. ಇದೇನು ಮಹಾ? ನಡಿಯೋ ಮುದುಕಪ್ಪ, ನಿನಗೂ ಸರಕಾರಿ ನೌಕರಿ ಬಂತು. ಈ ಈರ್ಯಾನಕಿಂತ ಮೊದಲ ನೀನ ಕಾಯಂ ಆಗ್ತಿ ನೋಡು."

ಉಳ್ಳಾಗಡ್ಡಿಯ ಟೆಂಪೋದಲ್ಲಿ ಕರಡಿ ಶುಕ್ರವಾರ ಪೇಟೆಗೆ ಬಂತು. ಪಂಢರಿನಾಥ ಅದನ್ನು ಬಂದ ಕಾಗದಗಳ ಆವಕ ಪುಸ್ತಕದಲ್ಲಿ ನಮೂದಿಸಿ, ಎಡ ಪಾದಕ್ಕೆ ಠಸ್ಸೆ ಒತ್ತಿ, ಕಿವಿಯ ಹತ್ತಿರ ತೂತು ಹೊಡೆದು ಟ್ಯಾಗ್ ಕಟ್ಟಲು ಹೋದ. ಕರಡಿ ಅವನನ್ನು ನೋಡಿತು. ಟ್ಯಾಗನ್ನು ಸಡಿಲವಾಗಿ ಕೊರಳಿಗೇ ಕಟ್ಟಿದರೂ ನಡೆಯುತ್ತದೆ ಎಂದು ಅಲ್ಲಿಯೇ ಒಂದು ವಿನಾಯಿತಿ ಮಂಜೂರಾಯಿತು. ತಿಪ್ಪವ್ವನಿಗೆ ಅಚ್ಚು ಹಾಕಿದ ಒಂದು ರಸೀದಿ ಕೊಟ್ಟರು. ಓದು ಬಾರದ ಅವಳು ಅದನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡಳು.

ಇನ್ನು ಎರಡು ಕಾರ್ಬನ್ ಪ್ರತಿ ಆಗಬೇಕಿತ್ತು. ಕೆಳಗಿನ ವಖಾರದಲ್ಲಿ ಕಾರ್ಬನ್ನಿಗೆ ಬರವೇ? ಗೌಳಿಯ ಮನೆಯಿಂದ ಒಂದು ಎಮ್ಮೆಕರುವನ್ನು ತಂದು ಕಲ್ಲಿದ್ದಲ ಪುಡಿಯಲ್ಲಿ ಹೊರಳಿಸಿದರು. ಮೊದಲೇ ಕರಿ ಇದ್ದದ್ದರಿಂದ ಚೊಕ್ಕವಾಗಿ ಮೂಡಿತು. ಎರಡನೆಯದಕ್ಕೆ ಬೀದಿಯ ಬೂದು ನಾಯಿ. ಅದು ಕಾರ್ಬನ್ನನ್ನು ಅರ್ಧಕ್ಕರ್ಧ ಝಾಡಿಸಿಬಿಟ್ಟಿತು. ಎರಡನೇ ಕಾರ್ಬನ್ ಪ್ರತಿ ಯಾವಾಗಲೂ ಮಸುಕೇ ಅಲ್ಲವೇ ಎಂದು ಯಾರೂ ಆಕ್ಷೇಪಿಸಲಿಲ್ಲ. ಸಾಹೇಬರು ಎರಡರ ಮೇಲೂ 'ಮೂಲದೊಂದಿಗೆ ಹೋಲಿಸಲಾಗಿದೆ, ಸರಿಯಿದೆ' ಎಂದು ಸಹಿ ಮಾಡಿದರು. ನಾಯಿ ಸಹಿಯನ್ನು ನೆಕ್ಕಿತು.

ಮುಂದೆ ಅಳೆಯುವ ಕೆಲಸ. ಎಂಟು ಅಧಿಕಾರಿಗಳು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡರು. ಷರಾ ಬರೆಯಲು ಮಸಿ ಕಾಣದಾದ್ದರಿಂದ ಸೀಮೆಸುಣ್ಣ ತರಿಸಿದರು. ಕರಿ ಬೆನ್ನಿನ ಮೇಲೆ ಪಾಟಿಯ ಮೇಲೆ ಮೂಡಿದಂತೆ ಮೂಡಿತು. ಮೊದಲನೆಯ ಅಧಿಕಾರಿ ಬರೆದರು: "ಕರಡಿ ಪೂರ್ತಿ ಕಪ್ಪಾಗಿದೆ. ಕಲ್ಲಿದ್ದಲಿನ ಪರಿಣಾಮ ಬರಿಗಣ್ಣಿಗೇ ಕಾಣುತ್ತದೆ." ಎರಡನೆಯವರು: "ಹಲ್ಲುಗಳೂ ಉದುರಿವೆ. ಪರಿಣಾಮ ಗಂಭೀರ." ಮೂರನೆಯವರು: "ಒಪ್ಪಿದೆ." ಉಳಿದವರು: "ಮೇಲಿನಂತೆ."

ಗಣಿ ಕಂಪನಿಯ ಪ್ರತಿನಿಧಿ ಕೋಟು ಹಾಕಿಕೊಂಡು ಬಂದು, ಕರಡಿ ಗಣಿ ಬರುವ ಮೊದಲೇ ಕಪ್ಪಾಗಿತ್ತೆಂದು ವಾದಿಸಿದ. ಸಾಕ್ಷಿಗೆ ತಿಪ್ಪವ್ವನನ್ನು ಕರೆದರು. ಅವಳು ಹೇಗೂ ದಿನಾ ಖಾರಿಯ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆಯೇ ಕೂತಿರುತ್ತಿದ್ದಳು.

"ಹುಟ್ಟಿದಾಗ ಇದರ ಬಣ್ಣ ಯಾವುದಿತ್ತು, ಬಾಯಿ?"

"ಅವರವ್ವನ ಬಣ್ಣ ರೀ."

"ಅವರವ್ವ ಗಣಿಯ ಸಮೀಪ ಇದ್ದಳೇನು?"

"ಇಲ್ರೀ ಯಪ್ಪಾ, ಸರ್ಕಸ್ಸಿನ್ಯಾಗ ಇದ್ಲು. ಭಾಳ ಮರ್ಯಾದಸ್ಥಳು."

'ಪರಿಣಾಮ ಆನುವಂಶಿಕ' ಎಂದು ಬರೆದುಕೊಂಡರು. ನಂತರ ಪರಿಣಾಮ ಇಳಿಸುವ ಕೆಲಸ. ಕರಡಿಯನ್ನು ವಖಾರದ ಅಂಗಳದಲ್ಲಿ ಸೋಡಾ ಹಾಕಿ ತಿಕ್ಕಿ ತೊಳೆದರು. ನೆಲದ ಪುಡಿಗೆ ನೀರೆಲ್ಲ ಕರ್ರಗಾಯಿತು, ಕರಡಿ ಇದ್ದ ಹಾಗೇ ಇತ್ತು, ಷರಾಗಳೆಲ್ಲ ತೊಳೆದುಹೋದವು. ಎಲ್ಲ ಷರಾಗಳೂ ನೀಗಿದ್ದರಿಂದ ವರದಿಯನ್ನು ಮಾರ್ಚ್ ಮೂವತ್ತೊಂದಕ್ಕೆ ಅಂತಿಮಗೊಳಿಸಲು ಅಡ್ಡಿಯಿಲ್ಲವೆಂದು ಸಾಹೇಬರು ಸಾರಿದರು. ಈರಬಸಪ್ಪ ಅವತ್ತು ಮನೆಗೆ ಹೋಗಿ ಉಮಾವತಿಗೆ, "ಕೊಡ ಇನ್ನ ಮಾರಿಬಿಡು" ಎಂದ.

ಮರುದಿನ ಪಂಢರಿನಾಥ ಫಲಕದ ಮೇಲಿನ ಆದೇಶದ ಹಾಳೆಯನ್ನು ಕಿತ್ತು ತಿರುಗಿಸಿದ. ಕುಂಡಿಯ ಕೆಳಗೆ ಹಾಸಲು ಕಾಗದ ಬೇಕಾಗಿತ್ತು, ಅಷ್ಟೇ.

"ಈರಬಸಪ್ಪಾ, ನಾಲ್ಕನೇದು ವಾಚಲಂಸ್ ಕಾ, ಓದಿದಿ? 'ವರದಿ ಅಂತಿಮ ಆದಮ್ಯಾಲ ಕರಡಿ ಇಬ್ಬರು ಸಾಕ್ಷಿದಾರರ ಸಮಕ್ಷಮ ನಾಶವಾಗತಕ್ಕದ್ದು.' ನಾಶ ಅಂದ್ರ ಹರೀಬೇಕು, ನಾಹೀತರ ಸುಡಬೇಕು. ದರವರ್ಷ ರದ್ದೀ ನಾನೇ ಹರೀತೀನಿ. ಪಣ ಇದನ್ನ ಹರಿಯೂದು… ಮಲಾ ಭೀತಿ ವಾಟತೆ."

ತಾನೇ ಹೊಡೆದ ಆ ಸಾಲು ಈರಬಸಪ್ಪನಿಗೆ ಮರೆತೇಹೋಗಿತ್ತು. ಕುರ್ಚಿಯಲ್ಲಿ ಕೂತೇ ಇದ್ದ, ಆದರೂ ಮತ್ತೊಮ್ಮೆ ಕೂತ. ಒಂದೇ ದಿನ, ಒಂದೇ ಸಹಿ. ಆ ಸಹಿ ಬಿದ್ದರೆ ಅವನು ಕಾಯಂ. ಆ ಸಹಿ ಬಿದ್ದರೆ ಮುದುಕಪ್ಪ ರದ್ದಿ.

ಸಂಜೆ ಮನೆಗೆ ಬಂದರೆ ತಿಪ್ಪವ್ವ ಒಲೆಯ ಮುಂದೆ ಕೂತಿದ್ದಳು. ಉಮಾವತಿ ರೊಟ್ಟಿ ಬಡಿಯುತ್ತಿದ್ದಳು.

"ಬಾರೋ ತಮ್ಮಾ. ನಾಡದ ಮೂವತ್ತೊಂದು ಅಲ್ಲೇನು? ಟೆಂಪೋದಾವಗ ಹೇಳಿ ಬಂದೀನಿ. ಈ ರಸೀದಿನ್ಯಾಗ ಯಾವ ಹೊತ್ತಿಗಿ ಬಿಡ್ತಾರಂತ ಬರದಾರ, ಓದಿ ಹೇಳವಾ ಉಮಾವತಿ. ನೀ ನಾಕನೇ ಇಯತ್ತಾ ತನಕ ಸಾಲಿ ಕಲತಾಕಿ."

ಉಮಾವತಿ ಹಿಟ್ಟಿನ ಕೈ ಒರೆಸಿಕೊಂಡು ರಸೀದಿ ಬಿಡಿಸಿದಳು. 'ಸ್ವೀಕರಿಸಲಾಗಿದೆ: ಕರಡಿ, ಒಂದು. ಬಳಕೆಯ ನಂತರ ನಾಶಪಡಿಸಲಾಗುವುದು.' ಓದಿದಳು. ಇನ್ನೊಮ್ಮೆ ಓದಿದಳು. ಗಂಡನ ಮುಖ ನೋಡಿದಳು. ಗಂಡ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

"ಊಟದ ಹೊತ್ತಿಗೇ ಬಿಡ್ತಾರಂತ್ರಿ, ಚಿಗವ್ವ," ಅಂದಳು.

ತಿಪ್ಪವ್ವ ಹೋದ ಮೇಲೆ ಉಮಾವತಿ ರೊಟ್ಟಿಯನ್ನು ಎಂದಿಗಿಂತ ಜೋರಾಗಿ ಬಡಿದಳು.

"ಖರೇ ಹೇಳ್ರಿ. ನಳ ಬರ್ತದಂದ್ರ ಅದು ಹೋಗ್ತದೇನು?"

"ವರದಿ ಅಂತಿಮ ಆತಂದ್ರ ಹೋಗ್ತದ."

"ಆಗಲಿಲ್ಲಂದ್ರ?"

"ಕರಡಿನ್ಯಾಗ ಒಂದರೆ ತಪ್ಪು ಉಳಿದಿತ್ತಂದ್ರ ಅಂತಿಮ ಆಗೂದಿಲ್ಲ. ನಾನೂ ಕಾಯಂ ಆಗೂದಿಲ್ಲ."

"ಮತ್ತ್ಯಾಕ ಮಾರಿ ಸಣ್ಣ ಮಾಡ್ಕೊಂಡು ನಿಂತೀರಿ? ತಪ್ಪು ಮಾಡೂದ್ರಾಗ ಇಡೀ ಪುಣೇದಾಗ ನಿಮ್ಮಷ್ಟು ಶ್ಯಾಣ್ಯಾ ಯಾರದಾರ? ಇನ್ನೊಂದು ಮಾಡ್ರಿ, ಹೋಗ್ರಿ." ರೊಟ್ಟಿ ತಟ್ಟೆಗೆ ಬಿತ್ತು. "ಕೊಡ ನಾ ಇನ್ನೂ ಮಾರಿಲ್ಲ."

ಮಾರ್ಚ್ ಮೂವತ್ತೊಂದು. ಅಂಗಳದಲ್ಲಿ ಎಂಟು ಕುರ್ಚಿ, ಇಬ್ಬರು ಸಾಕ್ಷಿದಾರರು, ಮೂಲೆಯಲ್ಲಿ ಒಂದು ಸೀಮೆಎಣ್ಣೆಯ ಡಬ್ಬಿ. ಮುದುಕಪ್ಪ ನಡುವೆ ಕೂತು ಎಲ್ಲರಿಗೂ ಸರ್ಕಸ್ಸಿನ ಸಲಾಮು ಹೊಡೆಯುತ್ತಿದ್ದ. ತಿಪ್ಪವ್ವ ಮೆಟ್ಟಿಲ ಮೇಲೆ ಖಾರಿ ಹಿಡಿದು, ಊಟದ ಹೊತ್ತಾಗಲೆಂದು ಕಾಯುತ್ತಿದ್ದಳು.

"ಯಾರದಾದರೂ ಷರಾ ಬಾಕಿ ಇದೆಯೇ?" ಸಾಹೇಬರು ಪದ್ಧತಿಯಂತೆ ಕೇಳಿದರು. ಪೆನ್ನಿನ ಟೊಪ್ಪಿಗೆ ಆಗಲೇ ತೆಗೆದಿದ್ದರು.

"ನಂದೊಂದು ಅದ ರೀ," ಎಂದ ಈರಬಸಪ್ಪ.

ಏಳು ವರ್ಷದಲ್ಲಿ ಅವನು ಸಭೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು. ಸೀಮೆಸುಣ್ಣ ತೆಗೆದುಕೊಂಡ. ಕರಡಿಯ ಬೆನ್ನಿನ ಮುಂದೆ ನಿಂತ. ಸುಳ್ಳು ಬರೆಯಲು ಅವನಿಗೆ ಬರುವುದಿಲ್ಲ. ಜನವರಿಯಲ್ಲಿ ಆ ಹಾಳೆಯ ಮೇಲೆ ಪೆನ್ನಿನಿಂದ ಏನು ತಿದ್ದಬೇಕಾಗಿತ್ತೋ ಅದನ್ನೇ ದಪ್ಪ ಅಕ್ಷರದಲ್ಲಿ ಬರೆದ:

"ಗುಡಿಸು ತೆಗೆದು ಕೊಂಬು ಹಚ್ಚತಕ್ಕದ್ದು."

ಪಂಢರಿನಾಥ ಗುಡಿಸಬೇಕೆಂದು ತಿಳಿದು ಕಸಬರಿಗೆ ತಂದು ಕರಡಿಯ ಸುತ್ತ ಗುಡಿಸಿದ. ಎಂಟೂ ಅಧಿಕಾರಿಗಳು ಎದ್ದು ಬಂದು ಕರಡಿಯ ತಲೆ ನೋಡಿದರು. ಹೌದು, ಕೊಂಬಿರಲಿಲ್ಲ. ಮೂರು ತಿಂಗಳು ಎದುರಿಗೇ ಕೂತು ಇಷ್ಟು ದೊಡ್ಡ ಲೋಪ ತಮ್ಮ ಗಮನಕ್ಕೆ ಬಂದಿರಲಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. "ಇದು ನನ್ನ ಗಮನದಲ್ಲಿತ್ತು," ಎಂದರು ಮೊದಲನೆಯ ಅಧಿಕಾರಿ. "ಮೇಲಿನಂತೆ," ಎಂದರು ಉಳಿದವರು. ಗಣಿಯಿಂದ ಕೊಂಬು ಕಳೆದುಕೊಂಡ ಪ್ರಾಣಿ ಒಂದಿದೆಯೆಂದು ಹಿಂದಿನ ವರ್ಷದ ಪಟ್ಟಿಯಲ್ಲಿಯೇ ಇತ್ತು. ಅದೇ ಇದೆಂದು ತೆಗೆದು ತೋರಿಸಿದರು.

ದೇವದಾಸ್ ಸಾಹೇಬರು ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಕರಡಿಗೆ ಕೊಂಬು ಬರುವ ತನಕ ವರದಿ ಬಾಕಿ ಇಡತಕ್ಕದ್ದು. ಅಲ್ಲೀ ತನಕ ಕರಡಿ ಅದರ ಮೂಲಸ್ಥಾನದಲ್ಲಿ ಇರತಕ್ಕದ್ದು. ಪ್ರತಿ ತಿಂಗಳ ಕೊನೇ ತಾರೀಖಿಗೆ ತಪಾಸಣೆಗೆ ಹಾಜರಾಗತಕ್ಕದ್ದು."

ಅಂದಿನಿಂದ ತಿಂಗಳ ಕೊನೆಗೊಮ್ಮೆ ತಿಪ್ಪವ್ವ ಉಳ್ಳಾಗಡ್ಡಿಯ ಟೆಂಪೋದಲ್ಲಿ ಮುದುಕಪ್ಪನನ್ನು ಕರೆತರುತ್ತಾಳೆ. ಪಶುವೈದ್ಯ ಶಾಖೆಯವರು ತಲೆ ಸವರಿ ನೋಡಿ "ಕೊಂಬು ಮೂಡಿಲ್ಲ, ನಿರೀಕ್ಷೆ ಇದೆ" ಎಂದು ಬರೆಯುತ್ತಾರೆ. ಈರಬಸಪ್ಪ ಹಂಗಾಮಿಯಾಗಿಯೇ ಇದ್ದಾನೆ. ಉಮಾವತಿ ಕೊಡ ಹಿಡಿದು ಸಾಲಿನಲ್ಲಿಯೇ ಇದ್ದಾಳೆ. ಯಾಕವ್ವಾ, ನಿನ್ನ ನಳ ಎಲ್ಲಿಗೆ ಬಂತು ಎಂದು ಯಾರಾದರೂ ಕೆಣಕಿದರೆ, "ಕರಡಿಗಿ ಕೊಂಬು ಬರಲಿ, ಬರ್ತದ" ಎನ್ನುತ್ತಾಳೆ. ವರದಿ ಅಂತಿಮವಾಗುವ ತನಕ ಗಣಿಯನ್ನು ತಡೆಯುವಂತಿಲ್ಲ ಎಂಬ ನಿಯಮ ಇರುವುದರಿಂದ ಗಣಿಯೂ ನಡೆದಿದೆ, ಕಾಡು ಇದ್ದಲ್ಲಿಯವರೆಗೂ ನಡೆದು, ಕಾಡು ಮುಗಿದ ಮೇಲೂ ನಡೆದಿದೆ. ಕಂಪನಿಯವರು ಪ್ರತಿ ದೀಪಾವಳಿಗೆ ಮುದುಕಪ್ಪನಿಗೆ ಒಂದು ಡಬ್ಬಿ ಖಾರಿ ಕಳಿಸುತ್ತಾರೆ. ೧೯೮೬ರಲ್ಲಿ ಮೇಲಿನ ಕಚೇರಿ ಲೆಕ್ಕ ಕೇಳಿದಾಗ ಪುಣೆಯಿಂದ ಉತ್ತರ ಹೋಯಿತು: "ಗಣಿ ಬಾಧಿತ ಪ್ರದೇಶದಲ್ಲಿ ಉಳಿದಿರುವ ಕರಡಿಗಳು: ಒಂದು. ಸುರಕ್ಷಿತವಾಗಿರುವ ಕರಡಿಗಳು: ಒಂದು. ನೂರಕ್ಕೆ ನೂರು." ಮೇಲಿನ ಕಚೇರಿ ಅಭಿನಂದನೆ ತಿಳಿಸಿತು.

ಇಲ್ಲಿಗೆ ನಿಲ್ಲಿಸಿದರೆ ಚಂದ ಇತ್ತು. ಆದರೆ ಒಗಟು ಹಾಕಿದವನು ಉತ್ತರವನ್ನೂ ನೆಟ್ಟಗೆ ಹೇಳಬೇಕು. ಅಂಗಳದಲ್ಲಿ ಎಂಟು ಕುರ್ಚಿ ಇದ್ದದ್ದು ಖರೆ. ಸೀಮೆಎಣ್ಣೆಯ ಡಬ್ಬಿ ಇದ್ದದ್ದೂ ಖರೆ. ತಿಪ್ಪವ್ವ ಮೆಟ್ಟಿಲ ಮೇಲೆ ಕೂತದ್ದು ಖರೆ, ಈರಬಸಪ್ಪ ಸೀಮೆಸುಣ್ಣ ಹಿಡಿದು ಕರಡಿಯ ಮುಂದೆ ನಿಂತದ್ದೂ ಖರೆ. ಅಲ್ಲಿಂದ ಮುಂದೆ ನಿಜಕ್ಕೂ ಆದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಹೇಳಿದ್ದೆಲ್ಲ ನಾನೇ ಕಟ್ಟಿದ್ದು. ಆ ಕೊಂಬು ನಾನು ಹಚ್ಚಿದ್ದು.